ಎರಡು ತುಂಡಿನ ಬಸ್ಸು

ಪ್ರೀತಿಯ ಮಾವ,

ಬರುವ ಭಾನುವಾರ ನನ್ನನ್ನು ಕಾಲೇಜು ಬಿಡಿಸಿ ಮನೆಗೆ ಕರೆದುಕೊಂಡು ಹೋಗಲು ನೀನು ಬರುವವನಿದ್ದೀಯ. ಅದಕ್ಕೆ ಮೊದಲೇ ಈ ಕಾಗದ ನಿನ್ನ ಕೈಸೇರಲಿ ಅಂತ ಇವತ್ತೇ ಬರೆಯಲು ಕೂತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನನ್ನ ಅವಸ್ಥೆ ನಿನಗೆ ಗೊತ್ತು. ‘ಸಾರಿ ಮಾವ, ಬಿಜಿ ಇದ್ದೀಯಾ’ ಅಂತ ಶುರು ಮಾಡಿ, ಹೇಳಬೇಕಾದ್ದನ್ನು ನುಂಗಿ, ‘ಓಕೆ ಸಾರಿ, ಬೈ’ ಅಂತ ಮುಗಿಸುತ್ತೇನೆ. ಕಾಗದದ ಮೇಲಾದರೆ ಆ ‘ಸಾರಿ’ ಬಂದಲ್ಲೆಲ್ಲ ಗೀಟು ಹೊಡೆಯಬಹುದು. ಮೊದಲ ಹಾಳೆಯಲ್ಲಿ ಅಕ್ಷರಕ್ಕಿಂತ ಗೀಟೇ ಹೆಚ್ಚಾಗಿತ್ತು, ಅದನ್ನು ಹರಿದು ಹಾಕಿದೆ.

ನನ್ನ ಕನ್ನಡ ಬರವಣಿಗೆ ನೋಡಿ ನಗಬೇಡ. ಒತ್ತಕ್ಷರಗಳೆಲ್ಲ ಬೇರೆ ಬೇರೆ ಮನೆಯವರ ಥರ ದೂರ ದೂರ ನಿಂತಿರುತ್ತವೆ. ಐದನೇ ಕ್ಲಾಸಿಗೇ ಹಾಸ್ಟೆಲ್ ಸ್ಕೂಲಿಗೆ ಬಿದ್ದವಳಿಂದ ಇನ್ನೇನು ನಿರೀಕ್ಷೆ? ಅಪ್ಪನಿಗೆ ವರ್ಷಕ್ಕೊಂದು ಊರಿಗೆ ವರ್ಗ, ಅಮ್ಮನಿಗೆ ಅವರ ಹಿಂದೆ ಪಾತ್ರೆ ಕಟ್ಟುವ, ಬಿಚ್ಚುವ ಕೆಲಸ. ಸ್ಕೂಲಿಗೆ ಹತ್ತಿರವಿದ್ದ ನೆಂಟ ನೀನೊಬ್ಬನೇ. ಒಳಗೆ ಇಂಗ್ಲಿಷ್ ಬಿಟ್ಟು ಒಂದು ಮಾತಾಡಿದರೂ ಬೋರ್ಡಿನ ಮೇಲೆ ಹೆಸರು ಬರೆಯುತ್ತಿದ್ದರು. ತಿಂಗಳಿಗೊಂದು ಭಾನುವಾರ, ಗೇಟಿನ ಪಕ್ಕದ ತಗಡಿನ ಶೆಡ್ಡಿನ ಬೆಂಚಿನಲ್ಲಿ ನಿನ್ನ ಜೊತೆ ಆಡುತ್ತಿದ್ದ ಮಾತೇ ನನ್ನ ಪಾಲಿನ ಕನ್ನಡ. ಮೊದಲ ಸಲ ನಾನು ನಿನಗೆ ‘ನೀವು’ ಅಂದಾಗ ನೀನು ತಿರುಗಿ ಹಿಂದೆ ನೋಡಿದ್ದೆ. “ನೀವು ಅಂದ್ರೆ ನನ್ನ ಬೆನ್ನ ಹಿಂದೆ ಇನ್ನೊಬ್ಬ ನಿಂತಿದಾನೇನೋ ಅನ್ಸುತ್ತೆ ಕಣೇ. ನೀನು ಅನ್ನು, ಒಬ್ಬನೇ ಆರಾಮಾಗಿ ಕೂತ್ಕೊತೀನಿ” ಅಂದಿದ್ದೆ. ಅವತ್ತಿನಿಂದ ಈ ಪ್ರಪಂಚದಲ್ಲಿ ನಾನು ‘ನೀನು’ ಅನ್ನುವ ದೊಡ್ಡವನು ನೀನೊಬ್ಬನೇ.

ಬೇರೆ ಹುಡುಗಿಯರ ಮನೆಯವರು ಬರುವಾಗ ಬಿಸ್ಕತ್ತು, ಹೊಸ ಸಾಕ್ಸು, ಕಾಮಿಕ್ಸು ತರುತ್ತಿದ್ದರು. ನೀನು ಎಂಬತ್ತರ ದಶಕ ತರುತ್ತಿದ್ದೆ. ಬೆಂಚಿನ ಮೇಲೆ ಕಾಲು ಮಡಚಿ ಕೂತು ಗಂಟಲು ಸರಿಮಾಡಿಕೊಂಡೆ ಅಂದರೆ ಆಯಿತು, ನೀನು ಸಿನಿಮಾ ಬೋರ್ಡು ಬರೆಯುತ್ತಿದ್ದ, ಟಾಕೀಸಿನ ಹಿಂದಿನ ಆ ಉದ್ದನೆಯ ಶೆಡ್ಡು ನಮ್ಮ ಸುತ್ತ ಎದ್ದು ನಿಲ್ಲುತ್ತಿತ್ತು. ಟರ್ಪೆಂಟೈನ್ ವಾಸನೆ, ಗೋಡೆಗೆ ಒರಗಿಸಿದ ಮನೆಯಷ್ಟೆತ್ತರದ ಬಟ್ಟೆಯ ಬೋರ್ಡುಗಳು, ಸಣ್ಣ ಫೋಟೋ ಮೇಲೆ ಚೌಕ ಚೌಕ ಗೆರೆ ಹಾಕಿಕೊಂಡು ಅದನ್ನೇ ಬೋರ್ಡಿನ ಮೇಲೆ ಹಿಗ್ಗಿಸಿಕೊಳ್ಳುವ ಲೆಕ್ಕ, ನಾಯಕಿಯ ಕಪ್ಪು ಕೂದಲಿಗೆ ಹೊಳಪು ಬರಲು ಎಳೆಯುವ ಒಂದೇ ಒಂದು ನೀಲಿ ಗೀಟು. ಕೆಮ್ಮುತ್ತಾ ಬೈಯುವ ಮೇಸ್ತ್ರಿ. ಎಲ್ಲವನ್ನೂ ಅಂಗುಲದಲ್ಲೇ ಅಳೆಯುತ್ತಿದ್ದುದಕ್ಕೆ ಅಂಗುಲ ಅಂತಲೇ ಹೆಸರಾಗಿದ್ದ ನಿನ್ನ ಜೊತೆಗಾರ. “ಚಾ ಕುಡಿಯೋಕೆ ಹೋದ್ರೂ, ಈ ಲೋಟ ಹೋದ ವಾರಕ್ಕಿಂತ ಅರ್ಧ ಅಂಗುಲ ಗಿಡ್ಡ ಆಗಿದೆ ಅಂತಿದ್ದ ಪುಣ್ಯಾತ್ಮ” ಅಂತ ನೀನು ಹೇಳುವಾಗ ನಾನು ಬೆಂಚಿನಿಂದ ಜಾರಿ ಬೀಳುವಷ್ಟು ನಗುತ್ತಿದ್ದೆ. ವಿಸಿಟಿಂಗ್ ಟೈಮ್ ಮುಗಿದ ಗಂಟೆ ಹೊಡೆದಾಗ ನೀನು ಎದ್ದು, ಪ್ಯಾಂಟ್ ಕೊಡವಿಕೊಂಡು, ಯಾವಾಗಲೂ ಒಂದೇ ಮಾತು ಹೇಳಿ ಹೊರಡುತ್ತಿದ್ದೆ: “ದಶಕ ಅಂದ್ರೆ ಅದು ಕಣೇ ದಶಕ. ಈಗಿನದೆಲ್ಲ ಬರೀ ಕ್ಯಾಲೆಂಡರು.”

ಆ ಮಾತನ್ನು ನಾನು ಎಷ್ಟು ನಂಬಿದ್ದೆ ಅಂದರೆ, ಚಿತ್ರಕಲೆ ಕಾಲೇಜಿಗೆ ಸೇರುತ್ತೇನೆ ಅಂತ ಹಟ ಹಿಡಿದದ್ದೂ ಅದಕ್ಕೇ. ಅಪ್ಪ ‘ಸ್ಕೋಪ್ ಇದೆಯಾ’ ಅಂದರು. ಅಮ್ಮ ‘ಅಣ್ಣನ ಹುಚ್ಚು ಇವಳಿಗೂ ಹತ್ತಿದೆ’ ಅಂದಳು. ನಾನು ಮಾತ್ರ ಇಲ್ಲಿ ಗೇಟು ದಾಟಿದರೆ ಆ ಶೆಡ್ಡೇ ಸಿಗುತ್ತದೆ, ಯಾರೋ ಕೆಮ್ಮುತ್ತಾ ಬೈದು ಕೈಗೆ ಬ್ರಶ್ಶು ಕೊಡುತ್ತಾರೆ ಅಂದುಕೊಂಡು ಬಂದೆ.

ಸಿಕ್ಕಿದ್ದು ಏಸಿ ಹಾಲ್. ಸಾಲಾಗಿ ಸ್ಕ್ರೀನುಗಳು. ಎಲ್ಲರ ಕಿವಿಯಲ್ಲೂ ಹೆಡ್‌ಫೋನ್. ಒಂದು ಗೆರೆ ತಪ್ಪಿದರೆ ಎರಡು ಬೆರಳಲ್ಲಿ ಒತ್ತಿ ಅಳಿಸಿಬಿಡುತ್ತಾರೆ, ಬೈಯುವ ಮೇಸ್ತ್ರಿಯೂ ಇಲ್ಲ, ಬೈಸಿಕೊಳ್ಳುವ ಮಜವೂ ಇಲ್ಲ. ಮೊದಲ ವಾರ ಪಕ್ಕದಲ್ಲಿ ಕೂತಿದ್ದ ಉದ್ದನೆಯ ಹುಡುಗನ ಚಿತ್ರ ನೋಡಿ ಧೈರ್ಯ ಮಾಡಿ ಬಾಯಿಬಿಟ್ಟೆ. “ಭಲೇ! ಫಸ್ಟ್ ಕ್ಲಾಸ್ ಕಣಯ್ಯಾ!” ಅಂದುಬಿಟ್ಟೆ. ಅವನು ಹೆಡ್‌ಫೋನ್ ತೆಗೆದು ನನ್ನನ್ನೇ ನೋಡಿದ. “ನೀನು ನಮ್ಮ ತಾತನ ಥರ ಮಾತಾಡ್ತೀಯಲ್ಲ” ಅಂದ. ಸುತ್ತ ಇದ್ದವರೆಲ್ಲ ನಕ್ಕರು. ಅವತ್ತು ನನಗೆ ಗೊತ್ತಾಯಿತು, ನನ್ನ ಹತ್ತಿರ ಇರುವುದು ಕನ್ನಡ ಅಲ್ಲ, ಪೇಂಟರುಗಳ ಶೆಡ್ಡಿನ ನಲವತ್ತು ವರ್ಷ ಹಳೆಯ ಕನ್ನಡ ಅಂತ. ಆಮೇಲೆ ಬಾಯಿಬಿಡುವ ಮುಂಚೆ ಪ್ರತಿ ವಾಕ್ಯವನ್ನೂ ಒಳಗೇ ಇಂಗ್ಲಿಷಿನಲ್ಲಿ ಕಟ್ಟಿ, ಕನ್ನಡಕ್ಕೆ ಬದಲಿಸಿ, ಒಂದು ಸಲ ರಿಹರ್ಸಲ್ ಮಾಡಿ, ಅಷ್ಟರಲ್ಲಿ ಅವರು ಬೇರೆ ವಿಷಯಕ್ಕೆ ಹೋಗಿ, ನಾನು ‘ಸಾರಿ, ಏನಿಲ್ಲ’ ಅನ್ನುವುದು ರೂಢಿಯಾಯಿತು. ಮೆಸ್ಸಿಗೆ ಎಲ್ಲರೂ ತಿಂದು ಎದ್ದ ಮೇಲೆ ಹೋಗುತ್ತಿದ್ದೆ. ರೂಮಿಗೆ ಬಂದು ಮಲಗಿ, ನಾನು ಹುಟ್ಟುವಾಗ ಕಾಲ ತಪ್ಪಿ ಬೇರೆ ದಶಕದಲ್ಲಿ ಇಳಿದುಬಿಟ್ಟೆ ಅಂತ ನಂಬಿಕೊಂಡು, ನಾನು ಒಂದು ದಿನವೂ ಬದುಕದ ಕಾಲವನ್ನು ನೆನೆಸಿಕೊಂಡು ಬಿಕ್ಕುತ್ತಿದ್ದೆ. ಎರವಲು ಅಂಗಿ ಕಳೆದುಹೋಯಿತು ಅಂತ ಅಳುವ ಹಾಗೆ.

ಹಾಗಿದ್ದಾಗಲೇ ನಿನಗೆ ಫೋನ್ ಮಾಡಿ, ನನ್ನ ಕೈಲಾಗಲ್ಲ, ಕರ್ಕೊಂಡು ಹೋಗು ಅಂದದ್ದು. ನೀನು ಯಾಕೆ ಏನು ಅಂತ ಕೆದಕಲಿಲ್ಲ. “ಅದೇನೋ ಗೋಡೆ ಕೆಲಸ ಅಂತಿದ್ಯಲ್ಲ, ಅದೊಂದು ಮುಗಿಸು. ಅರ್ಧ ಬಣ್ಣ ಬಳಿದು ಸಾರವೆಯಿಂದ ಇಳೀಬಾರದು, ಅಪಶಕುನ. ಮುಗಿದ ವಾರದ ಭಾನುವಾರ ನಾನೇ ಬರ್ತೀನಿ. ನಿಮ್ಮಮ್ಮನ ಬಾಯಿಗೆ ನಾನೇ ತಲೆ ಕೊಡ್ತೀನಿ” ಅಂದೆ. ಆ ಗೋಡೆಯ ಕಥೆ ಹೇಳುವುದಕ್ಕೇ ಈ ಕಾಗದ.

ನಮ್ಮ ಕಾಲೇಜಿನ ಕಾಂಪೌಂಡ್ ಗೋಡೆ ಪ್ರತಿ ವರ್ಷ ಮೊದಲ ವರ್ಷದವರದ್ದು. ಹೋದ ವರ್ಷದವರ ಚಿತ್ರಕ್ಕೆ ಸುಣ್ಣ ಹೊಡೆದು, ಗೋಡೆಯನ್ನು ಭಾಗ ಮಾಡಿ, ಮೂರು ಮೂರು ಜನರಿಗೆ ಹಂಚುತ್ತಾರೆ. ಮೇಡಂ ಚೀಟಿ ಎತ್ತಿದಾಗ ನನ್ನ ಜೊತೆ ಬಂದವರು ಇಬ್ಬರು. ಒಬ್ಬ ಅದೇ ಉದ್ದನೆಯ ಹುಡುಗ. ಎಲ್ಲರೂ ಅವನನ್ನು ಏಣಿ ಅಂತಾರೆ. ಇನ್ನೊಬ್ಬಳು ನನ್ನ ರೂಮ್‌ಮೇಟ್. ಲೈಟು ಎಷ್ಟು ಹೊತ್ತಿಗೆ ಆರಿಸಬೇಕು, ಬಕೆಟ್ಟು ಎಲ್ಲಿಡಬೇಕು, ಎಲ್ಲಕ್ಕೂ ಅವಳ ಬಳಿ ನಿಯಮ ಇದೆ. ಹಾಗಾಗಿ ಅವಳು ನಿಯಮ. ಒಂದೇ ರೂಮಿನಲ್ಲಿದ್ದೂ ಆವರೆಗೆ ನಾವಿಬ್ಬರು ಆಡಿದ್ದ ಮಾತನ್ನೆಲ್ಲ ಒಂದು ಬಸ್ ಟಿಕೆಟ್ಟಿನ ಹಿಂದೆ ಬರೆಯಬಹುದಿತ್ತು.

ಬಸ್ಸಿನ ಚಿತ್ರ ಅಂತ ತೀರ್ಮಾನವಾಯಿತು. ಒಂದು ದೊಡ್ಡ ಕೆಂಪು ಬಸ್ಸು, ಕಿಟಕಿ ತುಂಬ ಜನ. ತೀರ್ಮಾನವಾದದ್ದು ಮಾತಿನಲ್ಲಲ್ಲ, ಮೊಬೈಲ್ ಗ್ರೂಪಿನಲ್ಲಿ. ಮೂವರೂ ಒಂದೇ ಮೆಟ್ಟಿಲ ಮೇಲೆ ಕೂತು, ಒಬ್ಬರ ಮುಖ ಒಬ್ಬರು ನೋಡದೆ, ಟೈಪ್ ಮಾಡಿದೆವು. ಏಣಿ ‘ಬಸ್?’ ಅಂತ ಹಾಕಿದ, ನಿಯಮ ಹೆಬ್ಬೆರಳು ಎತ್ತಿದಳು, ನಾನೂ ಎತ್ತಿದೆ. ನೀನಿದ್ದಿದ್ದರೆ ಮೂರೂ ಫೋನು ಕಿತ್ತು ಟರ್ಪೆಂಟೈನ್ ಡಬ್ಬಿಗೆ ಹಾಕುತ್ತಿದ್ದೆ.

ಕೆಲಸ ಹೀಗೆ. ಕಂಪ್ಯೂಟರಿನಲ್ಲಿ ಬರೆದ ಬಸ್ಸನ್ನು ಪ್ರೊಜೆಕ್ಟರಿನಿಂದ ಗೋಡೆ ಮೇಲೆ ಬಿಡುವುದು, ಬೆಳಕಿನ ಗೆರೆಯ ಮೇಲೆ ಚಾಕ್ ಎಳೆಯುವುದು. ಚೌಕ ಚೌಕ ಗೆರೆ ಇಲ್ಲ ಮಾವ, ಬೇಜಾರು ಮಾಡಿಕೊಳ್ಳಬೇಡ. ಸಂಜೆ ಮಬ್ಬಿನಲ್ಲಿ ಮಾತ್ರ ಗೆರೆ ಕಾಣುತ್ತದೆ, ಮತ್ತೆ ಗೇಟು ಬೇಗ ಮುಚ್ಚುತ್ತಾರೆ. ಒಂದೇ ಸಲಕ್ಕೆ ಇಡೀ ಬಸ್ಸು ಬೀಳುವುದೂ ಇಲ್ಲ. ಹಾಗಾಗಿ ಮೊದಲ ಸಂಜೆ ಬಸ್ಸಿನ ಹಿಂದಿನ ಅರ್ಧ. ಮರುದಿನ ಸಂಜೆ ಟೇಬಲನ್ನು ಪಕ್ಕಕ್ಕೆ ತಳ್ಳಿ, ಮುಂದಿನ ಅರ್ಧ. ಮೊದಲ ಸಂಜೆ ಪ್ರೊಜೆಕ್ಟರಿನ ಮೂತಿ ಸ್ವಲ್ಪ ಮೇಲೆತ್ತಬೇಕಿತ್ತು, ಅದಕ್ಕೆ ನಿಯಮ ತನ್ನ ಲೈಬ್ರರಿ ಪುಸ್ತಕ ಅಡಿಗಿಟ್ಟಳು. ಮನುಷ್ಯನ ಮೂಳೆ ಬರೆಯುವುದು ಹೇಗೆ ಅನ್ನುವ ದಪ್ಪನೆಯ ಪುಸ್ತಕ. ಮರುದಿನ ಆ ಪುಸ್ತಕ ಹಿಂದಿರುಗಿಸುವ ಕಡೇ ದಿನ. ನಿಯಮ ನಿಯಮವೇ. ಅವಳು ಬೆಳಿಗ್ಗೆ ಹೋಗಿ, ಪ್ರೊಜೆಕ್ಟರ್ ಎತ್ತಿ, ಪುಸ್ತಕ ತೆಗೆದು, ಲೈಬ್ರರಿಗೆ ಕೊಟ್ಟು, ರಸೀದಿ ಇಸಿದುಕೊಂಡು ಬಂದಳು.

ಆ ಸಂಜೆ ಪ್ರೊಜೆಕ್ಟರು ಮೂತಿ ತಗ್ಗಿಸಿಕೊಂಡಿತ್ತು. ನಮಗೆ ಯಾರಿಗೂ ಹೊಳೆಯಲಿಲ್ಲ. ಎರಡು ಅರ್ಧಗಳ ನಡುವೆ ಬೊಂಬಿನ ಸಾರವೆ ಕಟ್ಟಿ ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟಿದ್ದೆವು, ಈ ಕಡೆ ನಿಂತವರಿಗೆ ಆ ಕಡೆಯದು ಕಾಣದು. ಹಿಂದಿನ ಅರ್ಧಕ್ಕೆ ನಾನು, ಮುಂದಿನ ಅರ್ಧಕ್ಕೆ ಏಣಿ, ಚಕ್ರಗಳಿಗೆಲ್ಲ ನಿಯಮ. ಅವರವರ ಕಿವಿಗೆ ಅವರವರ ಹಾಡು ಸಿಕ್ಕಿಸಿಕೊಂಡು ಕೆಂಪು ಬಣ್ಣ ಬಳಿದದ್ದೇ ಬಳಿದದ್ದು. ಆಮೇಲೊಂದು ಬೆಳಿಗ್ಗೆ ನಡುವಿನ ಜಾಗ ತುಂಬಬೇಕು ಅಂತ ಸಾರವೆ ಸರಿಸಿದೆವು.

ಮಾವ, ನಮ್ಮ ಬಸ್ಸಿನ ಮುಂದಿನ ಅರ್ಧ ಹಿಂದಿನ ಅರ್ಧಕ್ಕಿಂತ ಒಂದು ಗೇಣು ಕೆಳಗಿತ್ತು. ಕತ್ತಿಯಲ್ಲಿ ಕಡಿದು ಜಾರಿಸಿಟ್ಟ ಹಾಗೆ. ಕಿಟಕಿಗೆ ಕಿಟಕಿ ಕೂಡದು, ಪಟ್ಟಿಗೆ ಪಟ್ಟಿ ಕೂಡದು. ಗೇಟಿನ ವಾಚ್‌ಮನ್ ತಾತ ಬೀಗದ ಕೈ ಅಲ್ಲಾಡಿಸುತ್ತಾ ಬಂದು, ತಲೆ ಒಂದು ಸಲ ಆ ಕಡೆ ವಾಲಿಸಿ, ಒಂದು ಸಲ ಈ ಕಡೆ ವಾಲಿಸಿ ನೋಡಿದರು. “ಏನಮ್ಮಾ, ಹೊರಡೋಕೆ ಮುಂಚೆನೇ ಆಕ್ಸಿಡೆಂಟಾ?” ಅಂದರು. ಹಿಂದೆಯೇ ಮೇಡಂ ಬಂದರು. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. “ಇನ್ನೆರಡು ವಾರಕ್ಕೆ, ಸೋಮವಾರ, ಮಾರ್ಕ್ಸ್ ಹಾಕೋಕೆ ಹೊರಗಿನವರು ಬರ್ತಾರೆ. ಏನಾದ್ರೂ ಮಾಡಿ. ಆಗಲ್ಲ ಅಂದ್ರೆ ಸುಣ್ಣ ಹೊಡೆದುಬಿಡಿ. ಖಾಲಿ ಗೋಡೆಗೆ ಖಾಲಿ ಮಾರ್ಕ್ಸು” ಅಂದು ನಡೆದೇಬಿಟ್ಟರು.

ನಾನು ಎಂದಿನಂತೆ ಬಾಯಿಬಿಟ್ಟೆ. “ಸಾರಿ” ಅಂದೆ. ಯಾಕೆ ಅಂತ ನನಗೇ ಗೊತ್ತಿಲ್ಲ, ಬಾಗಿಲು ಬಡಿದರೂ ಸಾರಿ, ಮಳೆ ಬಂದರೂ ಸಾರಿ ಅನ್ನುವವಳು ನಾನು. ಆದರೆ ನಿಯಮ ನನ್ನ ಕಡೆ ತಿರುಗಿ ಜಗಳಕ್ಕೇ ಬಂದಳು. “ನೀನ್ಯಾಕೆ ಸಾರಿ ಹೇಳ್ತೀಯ? ಪುಸ್ತಕ ಎತ್ತಿದ್ದು ನಾನು. ಎಲ್ಲದಕ್ಕೂ ನೀನೇ ಮೊದ್ಲು ಸಾರಿ ಹೇಳಿಬಿಟ್ರೆ ಬೇರೆಯವರು ಎಲ್ಲಿಗೆ ಹೋಗ್ಬೇಕು? ನನ್ನ ಸಾರಿ ನನಗೆ ಕೊಡು!” ಹಾಗಂದವಳೇ ಬಣ್ಣದ ಡಬ್ಬಿಯ ಮೇಲೆ ಕೂತು ಅಳತೊಡಗಿದಳು. ಎರಡೂ ಕೆನ್ನೆಗೆ ಕೆಂಪು ಬಣ್ಣ ಮೆತ್ತಿತು.

ಆಗ ನನಗೆ ಏನಾಯಿತೋ. ನಗು ಬಂತು. ತಡೆದಷ್ಟೂ ಉಕ್ಕಿ ಬಂತು. ಏಣಿ ಗಾಬರಿಯಿಂದ, “ಇವಳು ಅಳ್ತಾಳೆ, ನೀನು ನಗ್ತೀಯ. ನಾನು ಯಾರಿಗೆ ನೀರು ತರ್ಲಿ?” ಅಂದ. ಅವರಿಗೆ ಕಾರಣ ಹೇಳಲೇಬೇಕಾಯಿತು. ಇಂಗ್ಲಿಷಿನಲ್ಲಿ ವಾಕ್ಯ ಕಟ್ಟಿಕೊಳ್ಳಲು ಪುರುಸೊತ್ತಿರಲಿಲ್ಲ. ಬಂದದ್ದು ನಿನ್ನ ಕನ್ನಡ. ಅದೇ ಬೆಂಚಿನ ಮೇಲೆ ಕಾಲು ಮಡಚಿ ಕೂತು ನೀನು ಹೇಳುತ್ತಿದ್ದ ಹಾಗೇ, ಡಬ್ಬಿ ಮಗುಚಿ ಕೂತು, ನಿನ್ನ ಮತ್ತು ಅಂಗುಲನ ಕಥೆ ಹೇಳಿದೆ.

ಸೈಕಲ್ ಯಾರು ಪಂಕ್ಚರ್ ಮಾಡಿದ್ದು ಅಂತ ನಿಮ್ಮಿಬ್ಬರಿಗೂ ಮಾತು ಬಿಟ್ಟುಹೋಗಿತ್ತಲ್ಲ, ಆ ವಾರದ್ದು. ಮೇಸ್ತ್ರಿ ದೊಡ್ಡ ಮುಖ ಒಂದನ್ನು ಎರಡು ಬೋರ್ಡಿಗೆ ಒಡೆದು, ಎಡ ಅರ್ಧ ನಿನಗೆ, ಬಲ ಅರ್ಧ ಅಂಗುಲನಿಗೆ ಕೊಟ್ಟಿದ್ದರು. ಮಾತು ಬಿಟ್ಟವರು ಒಬ್ಬರ ಬೋರ್ಡು ಒಬ್ಬರು ನೋಡುವುದುಂಟೇ? ನೀನು ಶೆಡ್ಡಿನ ಈ ತುದಿ, ಅವನು ಆ ತುದಿ. ಬೆಳಗಾಗೆದ್ದು ಎರಡೂ ಬೋರ್ಡು ಟಾಕೀಸಿನ ಮೇಲೇರಿಸಿ ಕಟ್ಟಿದ ಮೇಲೆ ಕೆಳಗಿಳಿದು ನೋಡಿದರೆ, ನಾಯಕನ ಎಡಗಣ್ಣು ಬಸ್ ಸ್ಟ್ಯಾಂಡ್ ನೋಡುತ್ತಿತ್ತು, ಬಲಗಣ್ಣು ಮಾರ್ಕೆಟ್ಟಿನ ಗಡಿಯಾರ ನೋಡುತ್ತಿತ್ತು. ಟಾಕೀಸ್ ಯಜಮಾನ ಓಡಿಬಂದು, “ಎಲ್ಲಯ್ಯಾ ನೋಡ್ತಿದಾನೆ ಇವನು?” ಅಂತ ಕಿರುಚಿದರೆ, ಮೇಸ್ತ್ರಿ ಬೀಡಿ ಆರಿಸದೆ, “ಸ್ವಾಮಿ, ಎರಡೂ ಕಡೆ ಟಿಕೆಟ್ ತಗೊಳೋರು ಇದಾರಲ್ಲ. ಯಾರನ್ನೂ ಬಿಡಬಾರದು ಅಂತ” ಅಂದರಂತೆ. ಸಂಜೆ ಹೊತ್ತಿಗೆ ಜನ ಮೆಳ್ಳಗಣ್ಣು ನೋಡುವುದಕ್ಕೇ ಬಂದು, ಬಂದವರು ಹಾಗೇ ಒಳಗೆ ಹೋಗಿ ಸಿನಿಮಾ ನೋಡಿ, ಆ ಬೋರ್ಡು ಇಳಿಸಲು ಯಜಮಾನನೇ ಬಿಡಲಿಲ್ಲ. ಅಂಗುಲ ನಿನ್ನ ಹತ್ತಿರ ಬಂದು, ನಿನ್ನ ಕಣ್ಣು ನನ್ನ ಕಣ್ಣಿಗಿಂತ ಕಾಲು ಅಂಗುಲ ಆಚೆ ಇದೆ ಅಂದದ್ದೇ ರಾಜಿ ಮಾತು.

ಏಣಿ ನಕ್ಕೂ ನಕ್ಕೂ ಸಾರವೆಯ ಬೊಂಬು ಹಿಡಿದುಕೊಂಡ. ನಿಯಮ ಕೆಂಪು ಕೆನ್ನೆಯಲ್ಲೇ ಬಿಕ್ಕುತ್ತಾ ನಗುತ್ತಾ, “ಇನ್ನೊಂದು ಹೇಳು” ಅಂದಳು. ನಾನು ಮೇಸ್ತ್ರಿಯ ಕೆಮ್ಮು ಮಾಡಿ ತೋರಿಸಿದೆ. ಬೆಳಗಿನ ಚಾ ತಡವಾದರೆ ಅವರು ನಿಮ್ಮನ್ನೆಲ್ಲ ನಿಲ್ಲಿಸಿ ಬೈಯುತ್ತಿದ್ದ ಬೈಗುಳವನ್ನು, ನೀನು ಮಾಡುತ್ತಿದ್ದ ಹಾಗೇ ಕೈ ಬೀಸಿ ಮಾಡಿದೆ: “ನಮ್ಮ ಕಾಲ್ದಾಗೆ ಬಣ್ಣ ನಾವೇ ಅರೀತಿದ್ವಿ ಕಣ್ರೋ, ಡಬ್ಬಿ ಬಿಚ್ಚಿ ಬಳಿಯೋ ಸೋಮಾರಿಗಳಾ! ಐವತ್ತರ ದಶಕ ಅಂದ್ರೆ ಅದು ದಶಕ. ನಿಮ್ಮದೆಲ್ಲ ಬರೀ ಕ್ಯಾಲೆಂಡರು!”

ಏಣಿ ನಗು ನಿಲ್ಲಿಸಿದ. “ತಡಿ ತಡಿ. ನಿಮ್ಮ ಮಾವ ಎಂಬತ್ತರ ದಶಕ ಬಂಗಾರ ಅಂತಾರೆ ಅಂದ್ಯಲ್ಲ. ಆ ಬಂಗಾರದ ನಡುವೆ ನಿಂತ್ಕೊಂಡೇ ಈ ಮೇಸ್ತ್ರಿ ಅದನ್ನ ಬರೀ ಕ್ಯಾಲೆಂಡರು ಅಂದ್ರಾ?”

ಮಾವ, ಅಷ್ಟು ವರ್ಷ ಅದೇ ಕಥೆ ಕೇಳಿದೆ, ಒಂದು ಸಲವೂ ನನಗೆ ಹೊಳೆದಿರಲಿಲ್ಲ. ಆ ಮಾತು ನಿನ್ನದಲ್ಲ, ಮೇಸ್ತ್ರಿಯದ್ದು! ಇಪ್ಪತ್ತರ ಹುಡುಗನಾಗಿ ನೀನು ಕೇಳಿಸಿಕೊಂಡು, ಬೆನ್ನ ಹಿಂದೆ ಅಣಕಿಸಿ, ಯಾವಾಗಲೋ ಗೊತ್ತಿಲ್ಲದೆ ನಿನ್ನದು ಮಾಡಿಕೊಂಡ ಮಾತು. ನೀನು ಬೈಸಿಕೊಳ್ಳುತ್ತಾ, ಸೈಕಲ್ ಜಗಳ ಆಡುತ್ತಾ, ಮೆಳ್ಳಗಣ್ಣು ಬರೆಯುತ್ತಾ ನಿಂತಿದ್ದಾಗ ಅದು ದಶಕ ಅಂತ ನಿನಗೂ ಗೊತ್ತಿರಲಿಲ್ಲ. ಕೆಲಸಕ್ಕೆ ತಡವಾಯಿತು ಅಂತ ಓಡುತ್ತಿದ್ದೆ, ಅಷ್ಟೇ. ಹಾಗಾದರೆ ಈ ತುಂಡಾದ ಬಸ್ಸಿನ ಮುಂದೆ, ಮುಖಕ್ಕೆಲ್ಲ ಬಣ್ಣ ಬಳಿದುಕೊಂಡು ನಿಂತಿರುವ ನಮ್ಮದು ಏನು?

ಉಪಾಯ ಹೊಳೆದದ್ದು ಏಣಿಗೆ. “ಬಸ್ಸಿಗೆ ಸೊಂಟ ಇಡೋಣ” ಅಂದ. “ಬಸ್ಸಿಗೆ ಸೊಂಟವಾ? ಆಮೇಲೆ ಬಳೆ ತೊಡಿಸ್ತೀಯಾ?” ಅಂದಳು ನಿಯಮ. “ಅಲ್ಲ ಕಣೇ, ಎರಡು ಬಸ್ಸು ಸೇರಿಸಿ ಓಡಿಸ್ತಾರಲ್ಲ, ನಡುವೆ ರಬ್ಬರಿಂದು ಮಡಿಕೆ ಮಡಿಕೆ ಇರುತ್ತಲ್ಲ.” “ಹಾರ್ಮೋನಿಯಂ ತಿದಿ ಥರ!” ಅಂತ ನಾನು ಕೂಗಿದೆ. ಕೂಗಿದ ಮೇಲೆ ಗೊತ್ತಾಯಿತು, ರಿಹರ್ಸಲ್ ಮಾಡದೆ ಕೂಗಿದ್ದೆ.

ನೋಡು, ಈಗ ಹೇಗಿದೆ ನಮ್ಮ ಬಸ್ಸು. ಹಿಂದಿನ ಅರ್ಧ ಇನ್ನೂ ದಿಣ್ಣೆಯ ಮೇಲಿದೆ, ಮುಂದಿನ ಅರ್ಧ ಇಳಿಜಾರಿಗೆ ಇಳಿದಾಗಿದೆ, ನಡುವೆ ಕಪ್ಪು ತಿದಿ ಎಳೆದುಕೊಂಡು ಉಸಿರಾಡುತ್ತಿದೆ. ದಿಣ್ಣೆ ಬಂದದ್ದರಿಂದ ಒಳಗಿದ್ದವರೆಲ್ಲ ಸೀಟಿನಿಂದ ಅರ್ಧ ಅಡಿ ಮೇಲೆ ಹಾರಿದ್ದಾರೆ. ಒಬ್ಬರ ಟೋಪಿ ಸೂರಿಗೆ ತಾಗಿದೆ, ಒಬ್ಬಳ ಚೀಲದ ಟೊಮ್ಯಾಟೊ ಗಾಳಿಯಲ್ಲಿವೆ. ಏಣಿ ತನ್ನ ಅಜ್ಜಿಯನ್ನು ಕಂಡಕ್ಟರಿಗೆ ಬೆರಳು ತೋರಿಸಿ ಬೈಯುವ ಹಾಗೆ ಕೂರಿಸಿದ್ದಾನೆ. ನಿಯಮಳ ತಮ್ಮ ಮುಂದಿನ ಕಿಟಕಿಯಿಂದ ನಾಲಗೆ ಚಾಚಿದ್ದಾನೆ. ಕೈ ಹೊರಗೆ ಹಾಕಬಾರದು ಅಂತ ಬೋರ್ಡಿದೆ, ನಾಲಗೆ ಬಗ್ಗೆ ನಿಯಮ ಇಲ್ಲ ಅಂತಾಳೆ ಅವಳು. ಅಮ್ಮ ಪಾತ್ರೆ ಮೂಟೆ ತಬ್ಬಿಕೊಂಡು ಹಾರಿದ್ದಾಳೆ, ಅಪ್ಪ ಮುಂದಿನ ಸ್ಟಾಪು ಬಂತೇನೋ ಅಂತ ಆಗಲೇ ಎದ್ದು ನಿಂತಿದ್ದಾರೆ. ಕೆಲಸ ಮಾಡುವಾಗ ವಾಚ್‌ಮನ್ ತಾತ ಕುರ್ಚಿ ಹತ್ತಿರ ಎಳೆದುಕೊಂಡು ಮೊಬೈಲಿನಲ್ಲಿ ನಿನ್ನ ಕಾಲದ ಹಾಡು ಹಾಕುತ್ತಾರೆ. ಏಣಿಗೆ ಅವೆಲ್ಲ ಬಾಯಿಪಾಠ. ನಿನ್ನ ದಶಕ ಎಲ್ಲೂ ಹೋಗಿಲ್ಲ ಮಾವ, ಎಲ್ಲರ ಜೇಬಿನಲ್ಲಿ ಆರಾಮಾಗಿದೆ. ನಮ್ಮ ಗ್ರೂಪಿನಲ್ಲಿ ಮಾತ್ರ ಹತ್ತು ದಿನದಿಂದ ಯಾರೂ ಏನೂ ಬರೆದಿಲ್ಲ. ಪಕ್ಕದಲ್ಲೇ ಕೂಗಿ ಹೇಳುವಾಗ ಬರೆಯಲು ಯಾರಿಗೆ ವ್ಯವಧಾನ? ಮೊನ್ನೆ ನಾನು ಕಾಲು ತಾಗಿಸಿ ಹಳದಿ ಡಬ್ಬಿ ಉರುಳಿಸಿದೆ. ಬಾಯಿಗೆ ಬಂದದ್ದು “ಅಯ್ಯೋ, ನಿಮ್ಮಜ್ಜಿ ಪಿಂಡ!” ಏಣಿ ಎದ್ದು ನಿಂತು ಚಪ್ಪಾಳೆ ತಟ್ಟಿದ.

ಹಾಗಾಗಿ ಮಾವ, ಭಾನುವಾರ ಬಾ, ಆದರೆ ಕರೆದುಕೊಂಡು ಹೋಗುವುದಕ್ಕಲ್ಲ. ನಾನು ಇಲ್ಲೇ ಇರುತ್ತೇನೆ. ಭಯ ಪೂರ್ತಿ ಹೋಗಿದೆ ಅಂತ ಸುಳ್ಳು ಹೇಳುವುದಿಲ್ಲ. ಸೋಮವಾರ ಆ ಹೊರಗಿನವರು ಬಂದು ಪ್ರಶ್ನೆ ಕೇಳುತ್ತಾರೆ ಅಂದರೆ ಈಗಲೇ ಅಂಗೈ ಬೆವರುತ್ತದೆ. ಆದರೆ ಬೆವರಿದ ಕೈ ಒರೆಸಿಕೊಳ್ಳಲು ಎರಡೂ ಪಕ್ಕದಲ್ಲಿ ಎರಡು ಅಂಗಿಗಳಿವೆ.

ಮುಂದಿನ ವರ್ಷ ಈ ಬಸ್ಸಿಗೂ ಸುಣ್ಣ ಬೀಳುತ್ತದೆ. ನಿಯಮ ಆಗಲೇ ಅದಕ್ಕಾಗಿ ಒಂದು ಸುತ್ತು ಅತ್ತಾಗಿದೆ. ನಾನು ಅವಳಿಗೆ ನಿನ್ನ ವಿಷಯ ಹೇಳಿ ಸಮಾಧಾನ ಮಾಡಿದೆ. ಗುರುವಾರ ಸಂಜೆ ಬಂತು ಅಂದರೆ, ವಾರವಿಡೀ ರೆಪ್ಪೆ ರೆಪ್ಪೆ ಬಿಡಿಸಿ ಬರೆದ ಮುಖಕ್ಕೆ ನೀನೇ ನಗುನಗುತ್ತಾ ಬಿಳಿ ಬಳಿಯುತ್ತಿದ್ದೆಯಂತೆ, ಶುಕ್ರವಾರದ ಹೊಸ ಮುಖಕ್ಕೆ ಜಾಗ ಬೇಕು ಅಂತ. ಹೇಳುತ್ತಾ ಹೇಳುತ್ತಾ ನನಗೇ ಒಂದು ಪ್ರಶ್ನೆ ಬಂತು. ಅಷ್ಟು ಮುಖಗಳಿಗೆ ಕಣ್ಣೀರಿಲ್ಲದೆ ಬಿಳಿ ಬಳಿದವನು, ಆಮೇಲಿನ ವರ್ಷಗಳಿಗೆ ಯಾಕೆ ಜಾಗ ಕೊಡಲಿಲ್ಲ? ಬಣ್ಣದ ಅಂಗಡಿ ಇಟ್ಟೆ, ದಿನಾ ಡಬ್ಬಿ ಡಬ್ಬಿ ಬಣ್ಣ ಮಾರುತ್ತೀಯ, ಆದರೆ ಈ ಮೂವತ್ತು ಚಿಲ್ಲರೆ ವರ್ಷಗಳ ಒಂದು ಕಥೆಯನ್ನೂ ಆ ಬೆಂಚಿಗೆ ತಂದವನಲ್ಲ. ಅವುಗಳಲ್ಲೂ ಜಗಳ, ನಗು, ಸೊಟ್ಟ ಕಣ್ಣು ಇರಲೇಬೇಕಲ್ಲ. ಕೋಪ ಮಾಡಿಕೊಳ್ಳಬೇಡ. ಕೇಳಬೇಕು ಅನ್ನಿಸಿತು, ಕೇಳಿದೆ.

ಇನ್ನೊಂದು ವಿಷಯ ಬಾಕಿ ಇದೆ. ಬಸ್ಸಿನಲ್ಲಿ ನಿನ್ನನ್ನೂ ಕೂರಿಸಬೇಕು ಅಂತ, ನೀನು ಕೊಟ್ಟಿದ್ದ ಆ ಫೋಟೋ ತೆಗೆದೆ. ಬೆಲ್‌ಬಾಟಮ್ಮು, ಕೆನ್ನೆಗೂದಲು, ಕಿವಿಯ ಮೇಲೆ ಬ್ರಶ್ಶು, ಸೈಕಲ್ ಪೆಡಲಿನ ಮೇಲೆ ಒಂದು ಕಾಲು. ಚಾಕ್ ಎಳೆಯುತ್ತಿದ್ದಾಗ ನಿಯಮ ಬಂದು, “ಯಾರಿದು ಹೀರೋ? ಬಸ್ಸಲ್ಲಿರೋರೆಲ್ಲ ಈಗಿನವರು, ಇವನೊಬ್ಬ ಯಾವ ಸ್ಟಾಪಲ್ಲಿ ಹತ್ತಿದ?” ಅಂದಳು. ನನ್ನ ಮಾವ ಅಂದೆ. “ಹಾಗಾದ್ರೆ ಈಗ ಹೇಗಿದಾರೋ ಹಾಗೆ ಬರಿ” ಅಂದಳು. ಫೋಟೋ ಮಡಚಿಟ್ಟೆ. ಚಾಕ್ ಹಿಡಿದು ನಿಂತೆ. ನಿಂತೇ ಇದ್ದೆ ಮಾವ. ನಿನ್ನ ಈಗಿನ ಮುಖ ನನಗೆ ಬರೆಯಲು ಬರಲಿಲ್ಲ. ಕನ್ನಡಕದ ಚೌಕಟ್ಟು ಕಪ್ಪೋ ಕಂದೋ? ನಕ್ಕಾಗ ಗೆರೆ ಕಣ್ಣಿನ ಬದಿ ಮೊದಲು ಬೀಳುತ್ತೋ, ಕೆನ್ನೆಗೋ? ಅಷ್ಟು ವರ್ಷ ಒಂದೇ ಬೆಂಚಿನಲ್ಲಿ ಕೂತು ನಾನು ನಿನ್ನನ್ನು ನೋಡಿಯೇ ಇಲ್ಲ. ನೀನು ಮಾತಾಡುತ್ತಿದ್ದೆ, ನಾನು ಆ ಬೆಲ್‌ಬಾಟಮ್ ಹುಡುಗನನ್ನು ನೋಡುತ್ತಿದ್ದೆ. ಟರ್ಪೆಂಟೈನ್ ವಾಸನೆ ಹುಡುಕುತ್ತಿದ್ದೆ. ಎರಡು ಬಸ್ಸು ಬದಲಿಸಿ, ಬಿಸಿಲಲ್ಲಿ ಏರು ಹತ್ತಿ, ತಿಂಗಳಿಗೊಂದು ಭಾನುವಾರ ತಪ್ಪದೆ ನನ್ನ ಪಕ್ಕ ಬಂದು ಕೂರುತ್ತಿದ್ದವನು ಅವನಲ್ಲ, ನೀನು.

ತಿದಿಯ ಪಕ್ಕದ ಮೊದಲ ಕಿಟಕಿ ಹಾಗೇ ಬಿಳಿಯಾಗಿ ಬಿಟ್ಟಿದ್ದೇವೆ. ಭಾನುವಾರ ಬಂದು ಗೋಡೆಯ ಮುಂದೆ ವಾಚ್‌ಮನ್ ತಾತನ ಕುರ್ಚಿಯಲ್ಲಿ ಕೂತುಕೋ. ಹೊರಡುವ ಮುಂಚೆ ಕೂದಲಿಗೆ ಡೈ ಹಚ್ಚಬೇಡ, ಇಲ್ಲಿ ಬಣ್ಣಕ್ಕೇನು ಬರವಿಲ್ಲ. ಅಲ್ಲಾಡದೆ ಕೂರು ಅಂತ ನಾನು ಹೇಳುವುದಿಲ್ಲ, ನಿನ್ನ ಕೈಲಿ ಅದು ಆಗುವುದೂ ಇಲ್ಲ. ನೀನು ಎಂಬತ್ತರ ದಶಕದ ಕಥೆ ಹೇಳುತ್ತಾ ಇರು. ಏಣಿ, ನಿಯಮ ಕೇಳಲು ಕಾದಿದ್ದಾರೆ. ನಾನು ಮಾತ್ರ ಈ ಸಲ ಕಥೆ ಕೇಳುವುದಿಲ್ಲ. ನಿನ್ನ ಮುಖ ನೋಡುತ್ತಾ ಬರೆಯುತ್ತೇನೆ.

ಚಿಕ್ಕವರು ದೊಡ್ಡವರನ್ನು ಹರಸಬಾರದು ಅಂತಾರೆ. ಹರಸುತ್ತೇನೆ, ಏನಾಗುತ್ತೋ ನೋಡೋಣ: ಬರುವ ದಾರಿಯುದ್ದಕ್ಕೂ ನಿನಗೆ ಕಿಟಕಿ ಪಕ್ಕದ ಸೀಟೇ ಸಿಗಲಿ.

ನಿನ್ನ ದಾರಿ ಕಾಯುತ್ತಾ,
ನಿನ್ನ ಸೊಸೆ